ರೈಲು ಬಂದೇ ಇಲ್ಲದ ಊರು

ಆ ವಾರ ಮೂಡಲಕೊಪ್ಪಲಿನ ಮನೆ ಮನೆಯಲ್ಲೂ ಹೊಸ ಬಣ್ಣದ ವಾಸನೆ. ಹಬ್ಬವಿಲ್ಲ, ಮದುವೆಯಿಲ್ಲ, ಆದರೂ ಗಂಡಸರೆಲ್ಲ ಏಣಿ ಹತ್ತಿ, ಸೂರಿನ ಕೆಳಗೆ ಕತ್ತು ಡೊಂಕು ಮಾಡಿಕೊಂಡು ಬ್ರಷ್ಷು ಆಡಿಸುತ್ತಿದ್ದರು. ಎಲ್ಲರೂ ಬಳಿಯುತ್ತಿದ್ದದ್ದು ಮರದ ಬಣ್ಣ. ಬಳಿಯುತ್ತಿದ್ದದ್ದು ಮನೆಯ ನಡುತೊಲೆಗೆ. ಆ ತೊಲೆ ಮರದ್ದಲ್ಲ. ಹಿಂದೆ ಊರ ಪಕ್ಕದಲ್ಲೇ ಓಡುತ್ತಿದ್ದ ಕಬ್ಬಿನ ರೈಲಿನ ಕಂಬಿ.

ಪಾಂಡವಪುರದ ಕಡೆಯಿಂದ ಬೂಕನಕೆರೆಯ ಕಡೆಗೆ ಬರುತ್ತಿದ್ದ ಚಿಕ್ಕ ರೈಲು ಅದು. ಕಬ್ಬು ಹೊರುವುದು ಅದರ ಕೆಲಸ. ಸಂತೆಯ ದಿನ ಬಾಲಕ್ಕೊಂದು ಡಬ್ಬಿ ಸಿಕ್ಕಿಸಿ ಜನರನ್ನೂ ಕೂರಿಸಿಕೊಳ್ಳುತ್ತಿತ್ತು. ಲಾರಿಗಳು ಬಂದವು, ರೈಲು ನಿಂತಿತು. ಕಂಬಿ ಕೇಳಲು ಯಾರೂ ಬರಲಿಲ್ಲ. ಒಂದು ಮಳೆಗಾಲ ಕಾದು ನೋಡಿದ ಊರು ಹಾಡುಹಗಲೇ ಗಾಡಿ ಕಟ್ಟಿತು. ಕಂಬಿ ಬಿಚ್ಚಲು ಬರುತ್ತಿದ್ದದ್ದು ಕರಿಯಪ್ಪನೊಬ್ಬನಿಗೆ. ದಿನವೂ ಸುತ್ತಿಗೆ ಹೊತ್ತು ದಾರಿಯುದ್ದಕ್ಕೂ ನಡೆದು, ಸಡಿಲವಾದ ಬೆಣೆಗಳನ್ನು ಬಡಿದು ಬಿಗಿ ಮಾಡುವುದು ಅವನ ನೌಕರಿಯಾಗಿತ್ತು. ಅದೇ ಸುತ್ತಿಗೆಯಿಂದ ಅವನೇ ಒಂದೊಂದು ಬೆಣೆಯನ್ನೂ ಕಳಚಿಕೊಟ್ಟ. ಮನೆಗೊಂದು ಕಂಬಿ. ಅವನ ಮನೆಗೆ ಬಂದದ್ದು ಕೊನೆಯದು.

ಈಗ ಅದೇ ಕಂಬಿಯ ಕೆಳಗೆ ಕರಿಯಪ್ಪನ ಮಗ ನಿಂಗರಾಜು ಕಣ್ಣು ಬಿಟ್ಟುಕೊಂಡು ಮಲಗುತ್ತಿದ್ದ. ಅದನ್ನು ಎಳೆದರೆ ಹೆಂಚು, ರೀಪು, ಗೋಡೆಯ ಅರ್ಧ ಎಲ್ಲ ಕೆಳಗೆ. ಯಾರು ಎಳೆಯುತ್ತಾರೆ ಎನ್ನುವುದೂ ಅವನಿಗೆ ಗೊತ್ತಿತ್ತು: ಶ್ರೀರಂಗಪಟ್ಟಣದಿಂದ ಬಂದಿದ್ದ ಪ್ರಜ್ಞ ಎಂಬ ಹುಡುಗಿ. ಹಳೆಯ ರೈಲಿನ ದಿಬ್ಬವನ್ನು ಟೇಪು ಹಿಡಿದು ಅಳೆದಿದ್ದಳು, ಫೋಟೋ ತೆಗೆದಿದ್ದಳು. ಮುಚ್ಚಿಹೋದ ಆ ಲೈನಿನ ಇತಿಹಾಸ ಬರೆಯುತ್ತಿದ್ದೇನೆ ಅಂದಿದ್ದಳು.

"ಪುಸ್ತಕ ಬರೆಯೋಳ್ಗೆ ಟೇಪ್ ಯಾತಕ್ಲಾ?" ಎಂದಿದ್ದ ಹಾಲಿನ ಡೈರಿ ಸೆಕ್ರೆಟರಿ ಚಲುವರಾಜು. "ಮೊದ್ಲು ಬುಕ್ಕು ಅಂತಾರೆ, ಆಮೇಲೆ ಸರ್ವೆ ಅಂತಾರೆ, ಆಮೇಲೆ ಜೀಪ್ ತಂದು ತೊಲೆ ಇಳಿಸ್ಕೊಂಡು ಓಯ್ತಾರೆ. ಬಿಚ್ದೋನು ನಿಮ್ಮಪ್ಪ. ಮೊದಲ್ನೇ ಕೇಸು ನಿಂದೇಯ."

"ನಮ್ಮಪ್ಪ ಸತ್ತು ಎಷ್ಟ್ ವರ್ಸ ಆಯ್ತು."

"ತೊಲೆ ಸತ್ತಿಲ್ವಲ್ಲಪ್ಪ."

ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದವರೆಲ್ಲ ನಕ್ಕರು. ನಿಂಗರಾಜು ನಗಲಿಲ್ಲ. ಅಲ್ಲೇ ತೀರ್ಮಾನವಾಯಿತು. ತೊಲೆಗಳಿಗೆಲ್ಲ ಮರದ ಬಣ್ಣ ಬಳಿಯಬೇಕು. ದಿಬ್ಬ ಹಾಕಿದ್ದು ನಿಜ, ಕಂಬಿ ಹಾಕಲೇ ಇಲ್ಲ, ಈ ಊರಿಗೆ ರೈಲು ಬಂದೇ ಇಲ್ಲ. ಯಾರನ್ನು ಕೇಳಿದರೂ ಒಂದೇ ಮಾತು.

ಪ್ರಜ್ಞ ಊರೆಲ್ಲ ಸುತ್ತಿ ಆ ಒಂದೇ ಮಾತನ್ನು ಕೇಳಿಕೊಂಡು ಮಧ್ಯಾಹ್ನ ನಿಂಗರಾಜುವಿನ ಮನೆಗೆ ಬಂದಳು. ನಿಂಗರಾಜು ತಾಯಿ ಜಯಲಕ್ಷ್ಮಮ್ಮನನ್ನು ಹಿತ್ತಲಿಗೆ ಕಳಿಸಿದ್ದ. ಆದರೆ ಅವಳು ಅವರೆಕಾಯಿಯ ಮೊರ ಹಿಡಿದುಕೊಂಡು ತಾನಾಗಿಯೇ ನಡುಮನೆಗೆ ಬಂದು ಕೂತಳು. ನಿಂಗರಾಜು ಅವಳಿಗೆ ಏನೂ ಹೇಳಿಕೊಟ್ಟಿರಲಿಲ್ಲ. ಹೇಗೆ ಹೇಳಿಕೊಡಬೇಕೆಂದೇ ತಿಳಿದಿರಲಿಲ್ಲ.

"ಅಜ್ಜಿ, ಇಲ್ಲಿಗೆ ರೈಲು ಬರ್ತಿತ್ತಾ?"

"ಎಲ್ ಬತ್ತು ಮಗಾ. ದಿಬ್ಬ ಆಕುದ್ರು, ಅಷ್ಟೇಯ. ಅದ್ರ ಮ್ಯಾಲೆ ಎಮ್ಮೆ ಮೇಯ್ತಿದ್ದೊ."

"ನಿಮ್ಮ ಯಜಮಾನರು ಕರಿಯಪ್ಪ ರೈಲಿನ ಕೆಲಸದಲ್ಲಿದ್ರು ಅಂತ ಪಾಂಡವಪುರದಲ್ಲಿ ಒಬ್ರು ಹೇಳಿದ್ರು."

"ಬ್ಯಾರೆ ಕರಿಯಪ್ಪ ಇರ್ಬೇಕು. ನಮ್ಮೋರು ಕುರಿ ಮೇಯ್ಸ್ಕಂಡಿದ್ರು."

"ನೀವು ಮದುವೆಯಾಗಿ ಈ ಊರಿಗೆ ಬಂದಿದ್ದು ಹೇಗೆ?"

"ಎತ್ತಿನ್ ಗಾಡೀಲಿ."

ಮೊರದಲ್ಲಿ ಕಾಳು ಉದುರುತ್ತಲೇ ಇತ್ತು. ನಿಂಗರಾಜು ಗೋಡೆ ಹಿಡಿದು ನಿಂತ. ಅವಳು ಬಂದದ್ದು ರೈಲಿನಲ್ಲಿ. ಹೊಸ ಹೆಣ್ಣಿಗೆ ಹೊಟ್ಟೆ ತೊಳೆಸಿತೆಂದು ಡ್ರೈವರು ಬಯಲಲ್ಲೇ ಗಾಡಿ ನಿಲ್ಲಿಸಿದ್ದು, ಡಬ್ಬಿಯಲ್ಲಿದ್ದವರೆಲ್ಲ ಇಳಿದು ಅವಳು ಸುಧಾರಿಸಿಕೊಳ್ಳುವ ತನಕ ಕಾದದ್ದು, ಎಲ್ಲವನ್ನೂ ಕೇಳಿ ಕೇಳಿ ಬೇಸತ್ತು ಅವನು ಎಷ್ಟೋ ಸಲ ಎದ್ದು ಹೋಗಿದ್ದ. ಈಗ ಅವಳು ಎತ್ತಿನ ಗಾಡಿ ಅಂದಳು, ಕಣ್ಣು ಕೂಡ ಮಿಟುಕಿಸಲಿಲ್ಲ.

"ಸರಿ ಅಜ್ಜಿ. ಎಲ್ಲರೂ ಹೇಳೋದು ಅದನ್ನೇ. ಹಾಗೇ ಬರೀತೀನಿ, ಇಲ್ಲಿ ರೈಲು ಓಡಲೇ ಇಲ್ಲ ಅಂತ," ಎಂದು ಪ್ರಜ್ಞ ಬ್ಯಾಗು ಹೆಗಲಿಗೇರಿಸಿ ಹೊರಟಳು.

ಹೆದರಿಕೆ ಇಳಿಯಬೇಕಿತ್ತು. ಇಳಿಯಲಿಲ್ಲ.

"ಚೆಂದಾಗೇಳ್ದೆ ಕಣವ್ವ," ಅಂದ ನಿಂಗರಾಜು.

"ನಿಮ್ಮಪ್ಪಂಗೆ ಕುರಿ ಮೇಯ್ಸಕೇ ಬತ್ತಿರ್ನಿಲ್ಲ ಕಣ್ಲಾ," ಅಂದಳು. "ಕುರಿ ಅತ್ರ ಬಂದ್ರೆ ಸೀನೋರು."

ಅವಳು ನಗಲಿಲ್ಲ. ಅವಳ ಬೆರಳು ಒಂದೇ ಕಾಯಿಯನ್ನು ಹಿಡಿದುಕೊಂಡು ನಿಂತುಬಿಟ್ಟಿತ್ತು. ನಿಂಗರಾಜು ಚಪ್ಪಲಿ ಮೆಟ್ಟುವುದನ್ನೂ ಮರೆತು ಬೀದಿಗಿಳಿದ. ಪುಸ್ತಕ ಅಚ್ಚಾದರೆ ಅಪ್ಪ ಕುರಿ ಕಾಯುವವನಾಗುತ್ತಾನೆ, ಅವ್ವ ಎತ್ತಿನ ಗಾಡಿಯಲ್ಲಿ ಬರುತ್ತಾಳೆ. ಮುಂದೆ ಯಾರು ಏನು ಹೇಳಿದರೂ ಅದು ಮುದುಕಿಯ ಕಟ್ಟುಕಥೆ. ಮನೆ ಮಾತ್ರ ನಿಂತಿರುತ್ತದೆ. ಅವನು ಓಡತೊಡಗಿದ.

ಬಸ್ ನಿಲ್ಲುವ ಹೊಂಗೆಮರದ ಕೆಳಗೆ ಪ್ರಜ್ಞ ಒಬ್ಬಳೇ ಇದ್ದಳು.

"ಮೇಡಂ, ನಿಮ್ಗೆಲ್ಲಾರೂ ಸುಳ್ಳೇಳವ್ರೆ. ರೈಲು ಬತ್ತಿತ್ತು. ನಮ್ ಮನೆ ತೊಲೆ ಅದ್ರದ್ದೇ ಕಂಬಿ." ಉಸಿರು ಎಳೆದುಕೊಂಡ. "ನಿಜ ಬರುದ್ರೆ ನಮ್ಗೇನಾರ ಆಯ್ತದಾ?"

ಅವಳು ಗಾಬರಿಯಿಂದ ಅವನ ಬರಿಗಾಲು ನೋಡಿದಳು. "ಗೊತ್ತಿಲ್ಲಣ್ಣ. ಏನೂ ಆಗಲ್ಲ ಅಂದ್ರೆ ಸುಳ್ಳಾಗುತ್ತೆ. ಊರಿನ ಹೆಸರು ಬಿಟ್ಟು ಬರೀಬಹುದು. ಆದರೆ ಈ ಕಡೆಯವರು ಓದಿದ್ರೆ ಕಂಡುಹಿಡೀತಾರೆ."

ಆಗಲ್ಲ ಅಂದುಬಿಡಬಾರದಿತ್ತೇ ಎಂದು ಅವನಿಗೆ ಕೋಪ ಬಂತು. ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲು ಬಡಿದ. ಹೋಗಿ ಎಂದು ಬಸ್ಸಿಗೆ ಕೈ ಬೀಸಿದವನು ನಿಂಗರಾಜುವೇ.

ಇಬ್ಬರೂ ಒಳಗೆ ಬಂದಾಗ ಜಯಲಕ್ಷ್ಮಮ್ಮ ಮಗನನ್ನು ಉರಿಗಣ್ಣಿನಿಂದ ನೋಡಿದಳು.

"ಈ ವಯಸ್ನಾಗೆ ನಾನು ನಿಂಗೋಸ್ಕರ ಸುಳ್ಳೇಳುದ್ರೆ, ಈಗ ನೀನೇ ಕರ್ಕಂಡ್ ಬಂದ್ಯಾ? ಮೊದ್ಲೇ ಬುದ್ಧಿ ಎಲ್ ಓಗಿತ್ಲಾ?"

"ಏಳವ್ವ. ಎಲ್ಲಾನೂವೆ ಏಳ್ಬುಡು."

"ಸೂರು ಬಿದ್ರೆ?"

ಅಷ್ಟರಲ್ಲಿ ಹೊರಗಿನಿಂದ ಚಲುವರಾಜು ಕೂಗಿದ: "ನಿಂಗ್ರಾಜಾ, ಒಸಿ ಆಚೆ ಬಾ."

ಜಗಲಿಯ ಕೆಳಗೆ ಅವನ ಹಿಂದೆ ಇನ್ನೂ ನಾಲ್ಕಾರು ಜನ. ಬಸ್ಸಿಗೆ ಕೈ ಬೀಸಿದ್ದನ್ನು ಯಾರೋ ನೋಡಿದ್ದರು. ನಿಂಗರಾಜು ಬಾಗಿಲನ್ನು ಹಿಂದಕ್ಕೆಳೆದುಕೊಂಡು, ಎರಡು ಕೈಯಲ್ಲೂ ಬಾಗಿಲವಾಡ ಹಿಡಿದು ನಿಂತ.

"ಒಳ್ಗೆ ಏನ್ಲಾ ನಡೀತಾ ಅದೆ?"

"ಅವ್ವ ಮಾತಾಡ್ತಾವ್ಳೆ."

"ಊರ್ಗೆಲ್ಲಾ ಒಂದ್ ದಾರಿ, ನಿಂಗೊಂದ್ ದಾರಿಯಾ? ನಿನ್ ಸೂರೇನೋ ಓಗ್ಲಿ. ನಮ್ದು?"

ನ್ಯಾಯವಾದ ಪ್ರಶ್ನೆ. ಆಗಲೇ ಒಳಗಿನಿಂದ ಅವ್ವನ ದನಿ ಕೇಳಿತು. ಮೊದಲು ತಗ್ಗಿತ್ತು, ಬರಬರುತ್ತಾ ಏರಿತು. ಶುರು ಮಾಡಿದ ಮೇಲೆ ಯಾವುದನ್ನೂ ಬಿಡುವವಳಲ್ಲ ಅವಳು.

"ಬರ್ಕೋ ಮಗಾ. ಮೊದಲ್ನೇ ಗಾಡಿ ಕಟ್ದೋನು ಈ ಡೈರಿ ಚಲುವರಾಜುನ ಅಪ್ಪ. ಎರಡು ಕಂಬಿ ಏರ್ಕಂಡ್ ಓದ. ಒಂದು ಮನ್ಗೆ, ಒಂದು ಕೊಟ್ಗೆಗೆ."

ಜಗಲಿಯ ಕೆಳಗೆ ಯಾರೋ ಕೆಮ್ಮಿದರು. ಜೊತೆಗಿದ್ದವರ ಕಣ್ಣು ಚಲುವರಾಜುವಿನ ಕಡೆ ತಿರುಗಿತು. ಅವನ ಮುಖ ಕಪ್ಪಿಟ್ಟಿತು.

"ನಿಮ್ಮವ್ವನ್ ಬಾಯ್ ಮುಚ್ಸು," ಅಂದ.

ಒಳಗೆ ಅವಳು ಎರಡನೇ ಗಾಡಿಗೆ ಬಂದಿದ್ದಳು. ಚಲುವರಾಜು ಒಂದು ಮೆಟ್ಟಿಲು ಹತ್ತಿದ, ಆಮೇಲೆ ಇನ್ನೊಂದು. ಅವನ ಬಿಸಿಯುಸಿರು ಮುಖಕ್ಕೆ ತಾಗಿದರೂ ನಿಂಗರಾಜು ಬಾಗಿಲವಾಡದಿಂದ ಕೈ ತೆಗೆಯಲಿಲ್ಲ.