ಲಸಿಕೆ ಕೋಣೆಗೆ ತಂಗಿ ಬಂದಳು

ತಂಪುಯಂತ್ರಗಳ ರಿಪೇರಿಯಲ್ಲೇ ತಲೆ ಹಣ್ಣಾಗಿಸಿಕೊಂಡಿದ್ದ ಅವನನ್ನು ಆಸ್ಪತ್ರೆಯಲ್ಲಿ ಎಲ್ಲರೂ ಐಸಣ್ಣ ಎಂದೇ ಕರೆಯುತ್ತಿದ್ದರು. ಹೆಸರಿಗೆ ಐಸು, ಮೂಗಿನ ತುದಿಯಲ್ಲಿ ಕೋಪ. ಆ ಬೇಸಿಗೆಯಲ್ಲಂತೂ ಅವನನ್ನು ಮಾತಾಡಿಸುವುದೇ ಕಷ್ಟವಾಗಿತ್ತು. ಮಕ್ಕಳ ಲಸಿಕೆ ಇಡುವ ಕೋಣೆ ಮಧ್ಯಾಹ್ನವಾದರೆ ಸಾಕು, ಬಿಸಿಯೇರತೊಡಗುತ್ತಿತ್ತು. ಯಂತ್ರ ಒಂದೇ ಸಮನೆ ಓಡಿದರೂ ತಾಪಮಾಪಕದ ಮುಳ್ಳು ಕೆಳಗಿಳಿಯುತ್ತಿರಲಿಲ್ಲ. ಉಗ್ರಾಣ ನೋಡಿಕೊಳ್ಳುವ ನರ್ಸಮ್ಮ ಪೆಟ್ಟಿಗೆಗಳನ್ನೆಲ್ಲ ಊರಾಚೆಯ ಇನ್ನೊಂದು ತಂಪುಕೋಣೆಗೆ ಸಾಗಿಸಿ, "ದಿನಾ ಅಲ್ಲಿಂದ ತರೋದ್ರಲ್ಲೇ ನನ್ನ ಜೀವ ಹೋಗ್ತಿದೆ ಐಸಣ್ಣ," ಎಂದು ಗೋಳಾಡುತ್ತಿದ್ದಳು.

ಅವನು ಮಾಡದ ಉಪಾಯವಿಲ್ಲ. ತಂಪು ಹುಟ್ಟಿಸುವ ಗ್ಯಾಸು ಹೆಚ್ಚಿಸಿದ, ಒತ್ತಡ ಏರಿ ಯಂತ್ರ ಏದುಸಿರು ಬಿಟ್ಟಿತು. ಗ್ಯಾಸನ್ನು ಮೊದಲಿನಷ್ಟಕ್ಕೇ ತಂದು, ಅದನ್ನು ಒಳಗಿನ ಕೊಳವೆಗಳಿಗೆ ಬಿಡುವ ವಾಲ್ವನ್ನು ಅಗಲಿಸಿದ. ತಂಪು ಇನ್ನೂ ಕಡಿಮೆಯಾಯಿತು. ಕೊನೆಗೆ, ಬಿಸಿಯನ್ನು ಹೊರಗೆ ತಳ್ಳುವ ಫ್ಯಾನೇ ಸೋಮಾರಿ, ದೊಡ್ಡದು ತರಿಸಬೇಕು ಎಂದು ಪಟ್ಟು ಹಿಡಿದ.

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಅವನ ತಂಗಿ ಊಟಕ್ಕೆ ಬಂದಿದ್ದಾಗ ಇದನ್ನೆಲ್ಲ ಕೇಳಿ, "ಅಣ್ಣ, ನೀನು ಒಂದೊಂದನ್ನೇ ಬದಲಾಯಿಸ್ತಿದ್ದೀಯ. ಅವು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ರೆ ನಿನಗೆ ಹೇಗೆ ಗೊತ್ತಾಗುತ್ತೆ?" ಎಂದಳು.

"ಯಂತ್ರ ಮಾತಾಡಲ್ಲ ಕಣೆ, ಕಿರುಚುತ್ತೆ ಅಷ್ಟೆ."

"ಹಾಗಾದ್ರೆ ಕೇಳೋ ರೀತೀಲಿ ಕೇಳೋಣ ಬಾ."

ಅವಳು ರಜೆ ಹಾಕಿ ಬಂದಳು. ಖಾಲಿ ಕಪಾಟುಗಳಲ್ಲಿ ಲಸಿಕೆಯ ಬದಲು ನೀರಿನ ಕ್ಯಾನುಗಳನ್ನು ಇಡಿಸಿದಳು. ಗ್ಯಾಸು ಕಡಿಮೆ, ಹೆಚ್ಚು. ವಾಲ್ವು ಕಿರಿದು, ಅಗಲ. ಫ್ಯಾನು ನಿಧಾನ, ಜೋರು. ಈ ಮೂರನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೋ ಅಷ್ಟನ್ನೂ ಚೀಟಿಗಳಲ್ಲಿ ಬರೆದು, ಮಡಚಿ, ಡಬ್ಬಿಯಲ್ಲಿ ಹಾಕಿ ಕುಲುಕಿದಳು. ಕೈಗೆ ಬಂದ ಚೀಟಿಯೇ ಮುಂದಿನ ಪರೀಕ್ಷೆ.

ಗ್ಯಾಸನ್ನು ತೂಗಿ ತುಂಬಿಸು, ಹೊರತೆಗೆ, ಮತ್ತೆ ತುಂಬಿಸು. ಐಸಣ್ಣನ ಸೊಂಟ ಬಿದ್ದುಹೋಯಿತು. "ಕಡಿಮೆ ಗ್ಯಾಸಿನ ಚೀಟಿಗಳನ್ನೆಲ್ಲ ಒಟ್ಟಿಗೆ ಮುಗಿಸಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ಅವೆಲ್ಲ ಬೆಳಗಿನ ತಂಪಲ್ಲೇ ಮುಗಿದ್ರೆ, ಹವೆಯ ಪುಣ್ಯ ಗ್ಯಾಸಿನ ಹೆಸರಿಗೆ ಹೋಗುತ್ತಲ್ಲಣ್ಣ."

ಸ್ಪ್ಯಾನರ್ ಹಿಡಿದವನು ನಿಂತಲ್ಲೇ ನಿಂತ. ಇಷ್ಟು ವರ್ಷ ತಾನು ಸರಿಮಾಡಿದೆನೆಂದುಕೊಂಡ ಎಷ್ಟೋ ಯಂತ್ರಗಳನ್ನು ನಿಜಕ್ಕೂ ಸರಿಮಾಡಿದ್ದು ಸಂಜೆಯ ಗಾಳಿಯೇ ಇರಬಹುದಲ್ಲ ಎಂದು ಹೊಳೆದು, ಅವನಿಗೆ ನಗುವೂ ಬಂತು, ಸಂಕಟವೂ ಆಯಿತು.

ಹೆಚ್ಚು ಗ್ಯಾಸು, ಅಗಲ ವಾಲ್ವು, ನಿಧಾನ ಫ್ಯಾನು ಎಂಬ ಚೀಟಿ ಬಂದಾಗ ಮಾತ್ರ ಅವನು ಡಬ್ಬಿಯನ್ನೇ ಕಿತ್ತುಕೊಂಡ. "ಒಂದೊಂದೇ ಮಾಡಿದಾಗಲೇ ಕೆಲಸ ಕೆಡಿಸಿದವು ಇವು. ಒಟ್ಟಿಗೆ ಮಾಡಿದ್ರೆ ಯಂತ್ರ ನೆಗೆದು ಬೀಳುತ್ತೆ!"

"ಒತ್ತಡ ಏರಿದ್ರೆ ತಕ್ಷಣ ನಿಲ್ಲಿಸು. ಬರೀ ಊಹೆ ಮೇಲೆ ಬಿಡೋದು ಬೇಡ."

ಐಸಣ್ಣ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ಯಂತ್ರ ಓಡಿಸಿದ. ಒತ್ತಡ ಮಿತಿಯಲ್ಲೇ ನಿಂತಿತು. ಒಳಗಿನ ಕೊಳವೆಗಳ ಮೇಲೆ ತೆಳ್ಳನೆಯ ಬಿಳಿ ಹಿಮ ಈ ತುದಿಯಿಂದ ಆ ತುದಿಗೆ ಸಮನಾಗಿ ಕೂತಿತು. ಕೋಣೆ ಬೇಗ ತಣಿಯಿತು. ತಣಿದ ಮೇಲೆ ಯಂತ್ರ ತಾನಾಗಿ ನಿಂತು ಸುಮ್ಮನಾಯಿತು. ಆ ಬೇಸಿಗೆಯಲ್ಲಿ ಅದು ವಿಶ್ರಾಂತಿ ಪಡೆದದ್ದು ಅದೇ ಮೊದಲು.

ಐಸಣ್ಣ ಕುಣಿಯುವುದೊಂದು ಬಾಕಿ. ತಂಗಿಯೋ, "ಒಂದು ಸಲ ಗೆದ್ದಿದ್ದು ಅದೃಷ್ಟವೂ ಆಗಿರಬಹುದು," ಎಂದು ಎಲ್ಲವನ್ನೂ ಮತ್ತೊಮ್ಮೆ ಮಾಡಿಸಿದಳು. ಈ ಸಲ ಅವನು ಗೊಣಗಲಿಲ್ಲ. ಗೆದ್ದ ಮೇಲೂ ತನ್ನನ್ನೇ ಅನುಮಾನಿಸುವ ಧೈರ್ಯವನ್ನು ಅವನು ಅದುವರೆಗೆ ಯಾರಲ್ಲೂ ಕಂಡಿರಲಿಲ್ಲ. ಚಿಕ್ಕವಳೆಂದು ತಾನೇ ಕೈಹಿಡಿದು ಶಾಲೆಗೆ ಬಿಟ್ಟುಬರುತ್ತಿದ್ದವಳು ಇವಳೇನಾ ಎಂದು ಬೆರಗಾಗಿ ನೋಡಿದ.

ಮತ್ತೆ ಹೆಚ್ಚು ಗ್ಯಾಸು, ಅಗಲ ವಾಲ್ವಿನ ಜೋಡಿಯೇ ಗೆದ್ದಿತು. "ಗ್ಯಾಸಿಗೂ ವಾಲ್ವಿಗೂ ನಂಟಿದೆ. ಯಾಕೆ ಅಂತ ನೀನೇ ಹೇಳಬೇಕು," ಎಂದಳು ತಂಗಿ.

ಅವನಿಗೆ ಫಕ್ಕನೆ ತಿಳಿಯಿತು. "ಗ್ಯಾಸು ಹೆಚ್ಚಿದ್ದಾಗ ದಾರಿ ಕಿರಿದಾಗಿತ್ತು. ದಾರಿ ಅಗಲ ಮಾಡಿದಾಗ ಗ್ಯಾಸು ಸಾಲದಾಯ್ತು! ಅಲ್ವೇನೆ?"

"ಹೂಂ. ಫ್ಯಾನಿಂದ ಹೇಳಿಕೊಳ್ಳೋಷ್ಟು ವ್ಯತ್ಯಾಸವೇ ಇಲ್ಲ."

"ಪಾಪ, ಸುಮ್ಸುಮ್ನೆ ಬೈದೆ ಅದನ್ನ."

ಕೆಂಡದಂಥ ಬಿಸಿಲಿನಲ್ಲೂ ಕೋಣೆ ತಣ್ಣಗೇ ಉಳಿದದ್ದನ್ನು ಕೆಲವು ದಿನ ಕಣ್ಣಾರೆ ಕಂಡ ಮೇಲೆ ನರ್ಸಮ್ಮ ಲಸಿಕೆಗಳನ್ನು ವ್ಯಾನಿನಲ್ಲಿ ವಾಪಸ್ ತಂದಳು. ತಂಗಿ ಆಗಲೇ ಪಾಠಕ್ಕೆ ಹೋಗಿಯಾಗಿತ್ತು. ಐಸಣ್ಣ ವ್ಯಾನಿನ ಡ್ರೈವರನನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿ, "ಇದನ್ನ ಮಾಡಿದ್ದು ನನ್ನ ತಂಗಿ ಕಣಪ್ಪ," ಎಂದು ಮೊದಲಿನಿಂದ ಶುರುಮಾಡಿದ.

"ಬಾಗಿಲು ಹಾಕಿ ಹೇಳಿ ಮಾರಾಯ್ರೆ," ನರ್ಸಮ್ಮ ಒಳಗಿಂದ ಕೂಗಿದಳು, "ತಂಪೆಲ್ಲ ಹೊರಗೆ ಹೋಗ್ತಿದೆ!"