ಫುಟ್‌ಬೋರ್ಡಿನ ಮೇಲೆ ದೊಡ್ಡಮ್ಮ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಆಯುಷ್ಯದ ಮುಕ್ಕಾಲು ಪಾಲು ಕಳೆದು ನಿವೃತ್ತಳಾದವಳು, ತಂಗಿಯ ಮಗಳ ಜೊತೆ ಬೆನ್ನಿಗೆ ಚೀಲ ಏರಿಸಿಕೊಂಡು ದೇಶ ಸುತ್ತಲು ಹೊರಟಾಗ ಮನೆಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು.

“ಈ ವಯಸ್ಸಲ್ಲಿ ನಿಂಗ್ಯಾಕಕ್ಕಾ ಈ ಉಸಾಬರಿ?” ಎಂದಳು ತಂಗಿ.

“ಇನ್ನೊಂದು ವಯಸ್ಸು ಎಲ್ಲಿಂದ ತರ್ಲಿ? ಇರೋದೇ ಇದು.”

ತಂಗಿಯ ಮಗಳಿಗೆ ಒಂದು ಕಡೆ ಕಾಲು ನಿಲ್ಲದು. ಮನೆಯವರು ಅವಳನ್ನು ಕರೆಯುವುದೇ ಗಾಳಿಪಟ ಎಂದು. ಯಾವ ಬಸ್ಸು, ಯಾವ ಲಾಡ್ಜು, ಯಾರ ಹತ್ತಿರ ದಾರಿ ಕೇಳಬೇಕು ಎಂಬುದೆಲ್ಲ ಅವಳದೇ ಪಾರುಪತ್ಯ. ದೊಡ್ಡಮ್ಮನ ಪಾಲಿಗೆ ಉಳಿದದ್ದು ಬಾಯಿ ಮುಚ್ಚಿಕೊಂಡು ಹಿಂದೆ ನಡೆಯುವುದು. ಗಡಿ ದಾಟುವ ಬಸ್ಸು ಹತ್ತುವ ತನಕ ಎಲ್ಲವೂ ಹಾಗೇ ಸುಸೂತ್ರವಾಗಿ ನಡೆದಿತ್ತು.

ಆ ಬಸ್ಸಿಗೆ ಹಾರ್ನ್ ಒಂದು ಬಿಟ್ಟು ಮಿಕ್ಕದ್ದೆಲ್ಲ ಕೆಟ್ಟಿತ್ತು. ಕಿಟಕಿಯ ಗಾಜಿನ ಜಾಗದಲ್ಲಿ ರಟ್ಟು. ಸೀಟಿನ ಸ್ಪ್ರಿಂಗು ಹಳ್ಳ ಬಂದಾಗಲೆಲ್ಲ ಸೊಂಟವನ್ನು ವಿಚಾರಿಸಿಕೊಳ್ಳುತ್ತಿತ್ತು. ಮುಂದಿನವನು ಒರಗಿದರೆ ಅವನ ತಲೆ ದೊಡ್ಡಮ್ಮನ ಮಡಿಲಲ್ಲೇ. ನಡುದಾರಿಯಲ್ಲಿ ಒಬ್ಬ ದಪ್ಪ ಮೀಸೆಯವನು ಲಾರಿಯ ಟೈರೊಂದನ್ನು ಮಲಗಿಸಿ ಅದರ ಮೇಲೆ ಸಿಂಹಾಸನದಲ್ಲಿ ಕೂತಂತೆ ಕೂತಿದ್ದ. ಡೀಸೆಲ್ ವಾಸನೆ, ಬೆವರು, ಧೂಳು, ಮೂರೂ ಸೇರಿ ಗಂಟಲಲ್ಲಿ ಗಂಜಿಯಾಗಿದ್ದವು.

ಬಿಸಿಲೇರುವ ಹೊತ್ತಿಗೆ ಗಾಳಿಪಟದ ಮುಖ ಬಿಳಿಚಿಕೊಂಡಿತು. ಬಸ್‌ಸ್ಟ್ಯಾಂಡಿನಲ್ಲಿ ಮೆಚ್ಚಿ ಮೆಚ್ಚಿ ತಿಂದ ಮೊಟ್ಟೆ ಹೊಟ್ಟೆಯಲ್ಲಿ ದಂಗೆ ಎದ್ದಿತ್ತು. ಒಮ್ಮೆ ಚೀಲಕ್ಕೆ, ಒಮ್ಮೆ ರಟ್ಟು ಸರಿಸಿ ಹೊರಗೆ, ಒಮ್ಮೆ ದೊಡ್ಡಮ್ಮನ ಚಪ್ಪಲಿಯ ಮೇಲೆ ವಾಂತಿಯಾಯಿತು.

“ಸಾರಿ ದೊಡ್ಡಮ್ಮ.”

“ಚಪ್ಪಲಿ ತಾನೆ, ಬಿಡೇ. ಹಣೆ ನೋಡು, ಕಾದ ಹೆಂಚಾಗಿದೆ.”

ಗಡಿ ಬಂದಾಗ ಎಲ್ಲರೂ ಸಾಮಾನು ಸಮೇತ ಇಳಿಯಬೇಕಾಯಿತು. ಜನ ಈ ಕಡೆಯ ಕಚೇರಿಯಲ್ಲಿ ಮುದ್ರೆ ಹಾಕಿಸಿ, ಒಣಗಿದ ನದಿಯ ಮೇಲಿನ ಸೇತುವೆಯನ್ನು ನಡೆದು ದಾಟಿ, ಆ ಕಡೆಯ ಕಚೇರಿಯಲ್ಲಿ ಮತ್ತೊಂದು ಮುದ್ರೆ ಪಡೆಯಬೇಕು. ಬಸ್ಸು ಬೇರೆ ಗೇಟಿನಿಂದ ಖಾಲಿ ಹೋಗಿ ಅಲ್ಲಿ ಕಾಯುತ್ತದೆ. ಡ್ರೈವರ್ ಗಾಳಿಪಟವನ್ನು ನೋಡಿ, ತನ್ನ ಭಾಷೆಯಲ್ಲಿ ಏನೋ ಗೊಣಗಿ, ಗಡಿಯಾರ ತಟ್ಟಿ ತೋರಿಸಿ, ಕೈ ಕೊಡವಿದ. ತಡವಾದರೆ ಬಿಟ್ಟು ಹೋಗುತ್ತೇನೆ ಎಂಬುದು ಭಾಷೆ ಬಾರದಿದ್ದರೂ ಅರ್ಥವಾಯಿತು.

ಮೊದಲ ಮುದ್ರೆ ಹೇಗೋ ಆಯಿತು. ಸೇತುವೆಯ ನಡುವೆ ಹುಡುಗಿ ಕಟಕಟೆಗೆ ಒರಗಿ ಕುಸಿದಳು.

“ನನ್ನ ಕೈಲಾಗಲ್ಲ ದೊಡ್ಡಮ್ಮ. ನೀನು ಹೋಗು. ನಾನು ನಾಳೆ ಬರ್ತೀನಿ.”

“ನಿಮ್ಮಮ್ಮಂಗೆ ಏನಂತ ಹೇಳ್ಲಿ? ಮಗಳನ್ನ ಸೇತುವೆ ಮೇಲೆ ಮರೆತು ಬಂದೆ ಅಂತಾನಾ? ಏಳು!”

ಅವಳು ತನ್ನ ಚೀಲದ ಜೊತೆಗೆ ಹುಡುಗಿಯದನ್ನೂ ಎದೆಯ ಮೇಲೆ ತೂಗುಹಾಕಿಕೊಂಡಳು. ಮುಂದೊಂದು, ಹಿಂದೊಂದು, ನಡುವೆ ಮುಖ ಮಾತ್ರ ಕಾಣುತ್ತಿತ್ತು. ಒಂದು ತೋಳಿಗೆ ಹುಡುಗಿಯನ್ನು ಆನಿಸಿಕೊಂಡಳು. ಹಿಂಡದ ಒದ್ದೆ ಹಾಸುಗೆಬಟ್ಟೆಗಳ ರಾಶಿ ಎತ್ತಿ ಪಳಗಿದ ತೋಳು ಅದು, ಇನ್ನೂ ಸೋತಿರಲಿಲ್ಲ. ಬಿಸಿಲಿಗೆ ಕಾದ ಸಿಮೆಂಟು ಚಪ್ಪಲಿ ದಾಟಿ ಪಾದ ಸುಡುತ್ತಿತ್ತು. ಒಂದು ದೇಶ ಮುಗಿದು ಇನ್ನೊಂದು ಶುರುವಾಗದ ಆ ಜಾಗದಲ್ಲಿ ನೆರಳು ಎಂಬುದೇ ಇರಲಿಲ್ಲ.

ಮುಂದೆ ಟೈರು ಉರುಳಿಸಿಕೊಂಡು ಹೋಗುತ್ತಿದ್ದ ಆ ಮೀಸೆಯವನು ಹಿಂತಿರುಗಿ ನೋಡಿದ, ನಿಂತ. ಆ ಕಡೆಯ ಕಚೇರಿಯ ಸಾಲಿನಲ್ಲಿ ಟೈರನ್ನು ಮಲಗಿಸಿ, ಹುಡುಗಿಯನ್ನು ಅದರ ಮೇಲೆ ಕೂರಿಸಿದ. ಸಾಲು ಸರಿದಾಗಲೆಲ್ಲ ಅವಳನ್ನು ಎಬ್ಬಿಸಿ, ಟೈರು ಎಳೆದು, ಮತ್ತೆ ಕೂರಿಸುತ್ತಿದ್ದ.

ದೊಡ್ಡಮ್ಮನಿಗೆ ಮುದ್ರೆ ಬಿತ್ತು. ಹುಡುಗಿಯ ಜ್ವರ ಕಂಡು ಅಧಿಕಾರಿ ಅವಳನ್ನು ಪಕ್ಕಕ್ಕೆ ನಿಲ್ಲಿಸಿ ನರ್ಸನ್ನು ಕರೆಯಲು ಹೇಳಿದ. ಅಷ್ಟರಲ್ಲಿ ಹೊರಗೆ ಹಾರ್ನ್ ಕೂಗಿತು. ಬಸ್ಸು ಆಗಲೇ ಗುರುಗುಟ್ಟುತ್ತಿತ್ತು.

ಒಂದು ಕ್ಷಣ ದೊಡ್ಡಮ್ಮನಿಗೆ ದಿಕ್ಕು ತೋಚಲಿಲ್ಲ. ಹುಡುಗಿಯನ್ನು ಬಿಟ್ಟು ಹೋಗುವುದೋ, ಬಸ್ಸನ್ನು ಬಿಡುವುದೋ? ಈ ಬಯಲಲ್ಲಿ ಡಾಕ್ಟರಿಲ್ಲ, ಮಲಗಲು ಜಾಗವಿಲ್ಲ. ಊರಿರುವುದು ಬಸ್ಸು ಹೋಗುವ ಕಡೆ. ಟೈರಿನವನ ಕಡೆ ನೋಡಿದಳು. ಅವನು ಹುಡುಗಿಯ ಪಕ್ಕದಲ್ಲಿ ನಿಂತು, ಹೋಗು ಎಂಬಂತೆ ಗೋಣಾಡಿಸಿದ.

ಅವಳು ಓಡಿದಳು. ಎರಡು ಚೀಲಗಳ ನಡುವೆ ಆ ಓಟ ನೋಡುವಂತಿತ್ತು. ಬಾಗಿಲು ಮುಚ್ಚುವ ಹೊತ್ತಿಗೆ ಫುಟ್‌ಬೋರ್ಡಿನ ಮೇಲೆ ಧೊಪ್ಪೆಂದು ಕೂತುಬಿಟ್ಟಳು. ಬಾಗಿಲು ಚೀಲಕ್ಕೆ ಬಡಿದು ವಾಪಸ್ಸು ಹೋಯಿತು. ಡ್ರೈವರ್ ಕಿರುಚಿದ. ಅವಳು ಕದಲಲಿಲ್ಲ. ಅವನು ಇಳಿದು ಬಂದು ಕೈಬೀಸಿ ಬೈದ.

“ಬೈಯಪ್ಪ, ಎಷ್ಟು ಬೇಕೋ ಅಷ್ಟು ಬೈ. ನಂಗೊಂದಕ್ಷರ ಅರ್ಥ ಆಗಲ್ಲ,” ಎಂದಳು ಅಚ್ಚ ಕನ್ನಡದಲ್ಲಿ. “ನನ್ನ ಮಗು ಅಲ್ಲಿದೆ. ಅದು ಬರೋ ತನಕ ಈ ಬಾಗಿಲೂ ಮುಚ್ಚಲ್ಲ, ನಾನೂ ಏಳಲ್ಲ. ನಿನ್ನ ಬಸ್ಸು ಹೋದ್ರೆ ನನ್ನ ಹೊತ್ಕೊಂಡೇ ಹೋಗ್ಲಿ!”

ಒಳಗೆ ಯಾರೋ ನಕ್ಕರು. ಮುಂದಿನ ಸೀಟಿನ ಅಜ್ಜಿಯೊಬ್ಬಳು ಡ್ರೈವರನಿಗೆ ಜೋರಾಗಿ ಏನೋ ಅಂದಳು; ಮಾತು ಹಿತವಾದದ್ದಲ್ಲ ಎಂಬುದು ಅವನ ಕಿವಿ ಕೆಂಪಾದದ್ದರಲ್ಲೇ ಗೊತ್ತಾಯಿತು. ಇನ್ನಿಬ್ಬರು ಇಳಿದು ಬಸ್ಸಿನ ಮುಂದೆ ನಿಂತು ಸಾವಕಾಶವಾಗಿ ಬೀಡಿ ಹಚ್ಚಿದರು. ಡ್ರೈವರ್ ಒಬ್ಬೊಬ್ಬರ ಮುಖ ನೋಡಿದ, ಆಮೇಲೆ ಹೋಗಿ ಇಂಜಿನ್ ಆರಿಸಿದ.

ನರ್ಸ್ ಬಂದು ನೋಡಿ, ಮಾತ್ರೆ ಕೊಟ್ಟು, ಹೋಗಬಹುದೆಂದಳು. ಹುಡುಗಿಗೂ ಮುದ್ರೆ ಬಿತ್ತು. ಟೈರಿನವನು ಒಂದು ಕೈಯಲ್ಲಿ ಟೈರು, ಇನ್ನೊಂದರಲ್ಲಿ ಹುಡುಗಿಯನ್ನು ಹಿಡಿದು ಕಚೇರಿಯಿಂದ ಹೊರಬಂದ. ಗಾಳಿಪಟ ಕಂಡದ್ದು ಫುಟ್‌ಬೋರ್ಡಿನ ಮೇಲೆ ಬೇರುಬಿಟ್ಟ ದೊಡ್ಡಮ್ಮನನ್ನು, ಸುತ್ತ ನಿಂತ ಜನರನ್ನು. ಹುಡುಗಿಯನ್ನು ಕಂಡದ್ದೇ ಬಸ್ಸಿನವರು ಹೋ ಎಂದರು. ದೊಡ್ಡಮ್ಮ ಆಗ ಎದ್ದು, ಸೆರಗು ಸರಿಮಾಡಿಕೊಂಡು, ಡ್ರೈವರನಿಗೆ “ಈಗ ನಡಿಯಪ್ಪ” ಎಂದಳು, ಬಸ್ಸು ತನ್ನದೇ ಎಂಬಂತೆ.

ಸಂಜೆ ಊರು ಸೇರಿ, ಡಾಕ್ಟರಿಗೆ ತೋರಿಸಿ, ಲಾಡ್ಜಿನ ರೂಮಿನಲ್ಲಿ ಹುಡುಗಿಯನ್ನು ಮಲಗಿಸಿದಾಗ ತಂಗಿಯ ಫೋನು ಬಂತು. ಅವಳಿಗೆ ಇನ್ನೂ ಸರಿಯಾಗಿ ದನಿ ಏಳದು. ಆದರೂ ಮೊದಲಿಂದ ಕೊನೆತನಕ ಹೇಳಿಯೇ ಬಿಟ್ಟಳು. “ಅಮ್ಮಾ, ಇಡೀ ಬಸ್ಸೇ ದೊಡ್ಡಮ್ಮನ ಕಡೆ ಆಗ್ಬಿಡ್ತು! ಒಬ್ರಿಗೂ ಕನ್ನಡ ಬರಲ್ಲ!”

ದೊಡ್ಡಮ್ಮ ಕನ್ನಡಿಯ ಮುಂದೆ ನಿಂತು ಹೆಗಲ ಮೇಲೆ ಚೀಲದ ಪಟ್ಟಿ ಕೊರೆದ ಕೆಂಪು ಬಾಸುಂಡೆಗಳನ್ನು ನೋಡಿಕೊಳ್ಳುತ್ತಿದ್ದಳು. ಉರಿಯುತ್ತಿದ್ದವು. ಆದರೂ ಅವನ್ನು ಮುಚ್ಚಿಕೊಳ್ಳಬೇಕು ಅನ್ನಿಸಲಿಲ್ಲ.

“ನಿಂಗೆ ಹೆದರಿಕೆ ಆಗ್ಲಿಲ್ವಾ ದೊಡ್ಡಮ್ಮ?”

“ಆಗ್ದೆ ಏನು? ಕಾಲು ಗಡಗಡ ನಡುಗ್ತಿತ್ತು ಕಣೇ,” ಎಂದಳು ಅವಳು. “ಅದಕ್ಕೇ ಕೂತ್ಕೊಂಡೆ.”