ಎರಡನೆಯ ಸೇತುವೆ

ನೇಪಾಳದ ಅಂತರ್ಯುದ್ಧ ಮುಗಿದ ಮೇಲೆ ಮನಿರಾಮ ರೋಕಾ ಬಂದೂಕು ಒಪ್ಪಿಸಿ, ಜಿಲ್ಲೆಯ ಪಟ್ಟಣದಲ್ಲಿ ಒಂದು ವಾರಪತ್ರಿಕೆ ತೆರೆದ. ಬಂಡುಕೋರರ ದಳಕ್ಕೆ ಕರಪತ್ರ ಬರೆದು ಪಳಗಿದ ಕೈ ಅದು. ಅದೇ ಕೈ ಸಿಡಿಮದ್ದನ್ನೂ ಕಟ್ಟಿತ್ತು. ಸೈನ್ಯ ಹೊಳೆ ದಾಟದಿರಲೆಂದು ಥಾರ್ಪು ಹಳ್ಳಿಯ ತೂಗುಸೇತುವೆಯನ್ನು ಒಂದು ಮುಂಜಾನೆ ಉರುಳಿಸಿದವನು ಅವನೇ.

ಅದನ್ನು ಮತ್ತೆ ಯಾರೂ ಕಟ್ಟಲಿಲ್ಲ. ಹಳ್ಳಿಯವರು ಹೊಳೆಗೆ ಅಡ್ಡಲಾಗಿ ತಂತಿ ಎಳೆದು, ಅದಕ್ಕೆ ಜೋತುಬಿಟ್ಟ ಮರದ ತೊಟ್ಟಿಲಲ್ಲಿ ಕೂತು ದಾಟತೊಡಗಿದರು. ಒಂದು ಮಳೆಗಾಲ, ಹೆರಿಗೆಗೆಂದು ಆಚೆ ದಡಕ್ಕೆ ಹೊರಟಿದ್ದ ಸುಕ್‌ಮಾಯಾ ತಂತಿ ಹರಿದು ಹೊಳೆಪಾಲಾದಳು.

ಅವಳ ಅತ್ತೆ ಜುನ್‌ಕಲಾ ಬೆಟ್ಟ ಇಳಿದು ಪತ್ರಿಕೆಯ ಕಚೇರಿಗೆ ಬಂದಳು. "ನನ್ನ ಸೊಸೆ ಹೇಗೆ ಸತ್ತಳು ಅಂತ ಬರಿಯಪ್ಪಾ," ಎಂದಳು.

ಮನಿರಾಮ ಬರೆದ. ವಾರವಾರವೂ ಬರೆದ. ಸರ್ಕಾರವನ್ನು ಬೈದಷ್ಟೂ ಓದುಗರು ಹೊಗಳಿದರು. ಹಳೆಯ ಸೇತುವೆ ಉರುಳಿಸಿದ್ದು ಯಾರೆಂದು ಮಾತ್ರ ಅವನು ಒಮ್ಮೆಯೂ ಬರೆಯಲಿಲ್ಲ.

ಕೊನೆಗೂ ಹೊಸ ಸೇತುವೆ ಎದ್ದಿತು. ಉದ್ಘಾಟನೆಗೆ ಹಳ್ಳಿಯವರು ಮಂತ್ರಿಯನ್ನು ಬಿಟ್ಟು ಅವನನ್ನೇ ಕರೆದರು. ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು, ಟೇಪು ಕತ್ತರಿಸಲು ಕೈಗೆ ಕತ್ತರಿ ಬಂತು. ಅವನಿಂದ ತಡೆಯಲಾಗಲಿಲ್ಲ.

"ನಾನು ಕತ್ತರಿಸಬಾರದು. ಹಳೇ ಸೇತುವೆ ಉರುಳಿಸಿದ್ದು ನಾನೇ!"

ವಾದ್ಯದವರು ಊದುವುದು ಬಿಟ್ಟು ಅವನತ್ತ ತಿರುಗಿದರು. ಜುನ್‌ಕಲಾ ಮಾತ್ರ ಬೀಡಿಯ ಬೂದಿ ಕೊಡವಿದಳು.

"ಇದೇನು ಹೊಸ ಸುದ್ದೀನಾ, ಪೇಪರಿನವನೇ? ಸೇತುವೆ ಉರುಳೋ ಹಿಂದಿನ ದಿನ ನಿಮ್ಮ ದಳಕ್ಕೆ ಢಿಂಡೋ ಮುದ್ದೆ ಬೇಯಿಸಿ ಹಾಕಿದ್ದು ನಮ್ಮ ಮನೇಲೇ. ಎರಡನೇ ಸಲ ಕೇಳಿ ಹಾಕಿಸ್ಕೊಂಡೋನ ಮುಖ ಮರೀತೀನಾ?"

"ಗೊತ್ತಿದ್ದೂ ನನ್ನ ಹತ್ರಾನೇ ಯಾಕೆ ಬಂದ್ರಿ, ಆಮಾ?"

"ಬೇರೆಯೋರು ಒಂದ್ಸಲ ಬರೆದು ಕೈ ತೊಳ್ಕೋತಾರೆ. ನಿನಗೆ ಹಾಗೆ ಬಿಡೋಕಾಗಲ್ಲ ಅಂತ ಗೊತ್ತಿತ್ತು."

ಅವನು ಕೈ ಮುಗಿದ. "ನನ್ನನ್ನ ಕ್ಷಮಿಸಿ..."

"ಅದನ್ನ ಕೇಳಬೇಡ. ಕೊಡೋಕೆ ನನ್ನ ಹತ್ರ ಇಲ್ಲ. ಬೇಗ ಕತ್ತರಿಸು, ಜನ ಬಿಸಿಲಲ್ಲಿ ನಿಂತವ್ರೆ."

ಮನಿರಾಮ ಕತ್ತರಿಸಿದ. ಮೊದಲು ಆಡುಗಳು ನುಗ್ಗಿದವು, ಹಿಂದೆಯೇ ಹೆಂಗಸರು ಸೀರೆ ಎತ್ತಿಕಟ್ಟಿಕೊಂಡು ನಗುತ್ತಾ ಓಡಿದರು. ಹಲಗೆಗಳು ಜೋಕಾಲಿಯಂತೆ ತೂಗಿದವು. ಜುನ್‌ಕಲಾ ನಿಂತಲ್ಲೇ ನಿಂತಿದ್ದಳು.

"ನೀವು ದಾಟಲ್ವಾ, ಆಮಾ? ಕೈ ಹಿಡ್ಕೋತೀನಿ."

"ಆಚೆ ನನಗೇನು ಕೆಲಸ?" ಎಂದು ಅವಳು ಮನೆಯ ಏರುದಾರಿ ಹಿಡಿದಳು. ಮನಿರಾಮ ಎರಡು ಹೆಜ್ಜೆ ಹಿಂಬಾಲಿಸಿದ. ಅವಳು ತಿರುಗಿ ನೋಡಲಿಲ್ಲ. ಅವನೂ ಮುಂದೆ ಹೋಗಲಿಲ್ಲ.